ವಿಭೂತಿ ಹಚ್ಚಿದ ಬೋಲ್ಟು

ಗದಿಗೆಪ್ಪ ಹವಾಲ್ದಾರರ ಸೆಲ್ಯೂಟ್‌ಗೆ ಟಿಕೆಟ್ ಇಟ್ಟಿದ್ದರೂ ನವನಗರದ ನಮ್ಮ ಸೆಕ್ಟರಿನ ಜನ ಕೊಂಡು ನೋಡುತ್ತಿದ್ದರು. ಬೆಳಿಗ್ಗೆ ಹಾಲಿನವನು ಬರುವ ಹೊತ್ತಿಗೆ ಬಿಳಿ ಧೋತರ, ಇಸ್ತ್ರಿ ಮಾಡಿದ ಅಂಗಿ, ಹಣೆಗೆ ಮೂರು ಬೆರಳಿನ ವಿಭೂತಿ, ಇವೆಲ್ಲದರ ಕೆಳಗೆ ಕನ್ನಡಿಯ ಹಾಗೆ ಹೊಳೆಯುವ ಕಂದು ಬೂಟು ತೊಟ್ಟುಕೊಂಡು ಅವರು ಒಂದು ಮನೆಯ ಗೇಟಿನೆದುರು ನಿಲ್ಲುತ್ತಿದ್ದರು. ಆ ಮನೆಯ ಯಜಮಾನರು ವಾಕಿಂಗಿಗೆಂದು ಹೊರಗೆ ಕಾಲಿಟ್ಟ ಕೂಡಲೇ ಹಿಮ್ಮಡಿಗೆ ಹಿಮ್ಮಡಿ ಬಡಿದು ಒಂದು ಸೆಲ್ಯೂಟ್ ಹೊಡೆಯುತ್ತಿದ್ದರು. ಮಾತಿಲ್ಲ, ನಗುವಿಲ್ಲ. ಆಮೇಲೆ ತಿರುಗಿ ನನ್ನ ಫೋಟೋ ಸ್ಟುಡಿಯೋದ ಪಕ್ಕದ ಚಹಾದಂಗಡಿಗೆ ಬಂದು ಕೂರುತ್ತಿದ್ದರು.

ನೋಡಿದವರು ಇದನ್ನು ಗೌರವವೆಂದೇ ತಿಳಿದಿದ್ದರು. ಯಜಮಾನರು ಪೊಲೀಸ್ ಇಲಾಖೆಯಲ್ಲಿ ದೊಡ್ಡ ಹುದ್ದೆಗೇರಿ ನಿವೃತ್ತರಾದವರು. ಗದಿಗೆಪ್ಪನವರು ಒಂದು ಕಾಲಕ್ಕೆ ಅವರ ಕೈಕೆಳಗೆ ಇದ್ದವರು. ಯಜಮಾನರ ಹೆಸರು ಇಲ್ಲಿ ಬೇಡ, ಅವರಿಬ್ಬರೂ ಕೆಲಸ ಮಾಡಿದ ಜಿಲ್ಲೆಯ ಹೆಸರೂ ಬೇಡ. ಗದಿಗೆಪ್ಪನವರು ಕೊನೆಯವರೆಗೂ ‘ಸಾಹೇಬ್ರು’ ಎಂದೇ ಕರೆದರು, ನಾನೂ ಹಾಗೇ ಕರೆಯುತ್ತೇನೆ. ಸಾಹೇಬರು ಈ ಸೆಲ್ಯೂಟಿಗೆ ಹೆದರಿ ವಾಕಿಂಗಿನ ಹೊತ್ತು ಬದಲಿಸಿದರು. ಗದಿಗೆಪ್ಪನವರೂ ಬದಲಿಸಿದರು. ಹಿಂದಿನ ಬಾಗಿಲಿನಿಂದ ಹೋಗಿ ನೋಡಿದರು. ಅಲ್ಲಿಯೂ ಕಂದು ಬೂಟು ನಿಂತಿತ್ತು.

"ಕಾಕಾ, ಅಷ್ಟು ಸಿಟ್ಟಿದ್ರ ನಾಕ ಮಂದಿ ಮುಂದ ಬೈದು ಬಿಡ್ರಲ್ಲ" ಎಂದೆ ಒಮ್ಮೆ.

"ಬೈದ್ರ ಒಂದಿನ ನೆನಪಿಟ್ಟು ಮರತ ಬಿಡ್ತಾನ ತಮ್ಮಾ. ಸೆಲ್ಯೂಟ್ ಹಂಗಲ್ಲ. ಮುಂಜಾನಿ ಚಹಾ ಕುಡಿಯೂಮುಂದ ಅವಗ ನನ್ನ ಮಾರಿ ನೆನಪಾಗಬೇಕು. ಆ ಚಹಾ ಕಹಿ ಆಗಬೇಕು."

ನನಗೆ ಅವರು ಹಿಡಿಸಿದ್ದೇ ಈ ಮಾತಿಗೆ. ನಾವು ಅಣೆಕಟ್ಟೆಯ ಹಿನ್ನೀರಿಗೆ ಮುಳುಗಡೆಯಾದ ಊರಿನವರು, ಎದ್ದು ಬಂದ ಓಣಿಯ ಒಂದೊಂದು ಕಟ್ಟೆಯನ್ನೂ ನೆನಪಿಟ್ಟುಕೊಂಡವರು. ಯಾರಾದರೂ ‘ಆದದ್ದಾಯಿತು, ಮರೆತುಬಿಡಿ’ ಎಂದರೆ ನನಗೆ ಮೈ ಉರಿಯುತ್ತದೆ. ಸಾಲದ್ದಕ್ಕೆ ಸಾಹೇಬರ ಮೇಲೆ ನನ್ನದೂ ಒಂದು ಸಣ್ಣ ಕೋಪವಿತ್ತು. ಅವರ ಮಗನ ಮದುವೆಯಲ್ಲಿ "ಸ್ವಲ್ಪ ಗದ್ದ ಮ್ಯಾಲೆತ್ರಿ ಸರ್" ಎಂದದ್ದಕ್ಕೆ ಬೀಗರೆದುರೇ ನನ್ನನ್ನು ಗದರಿದ್ದರು. ಅಂದು ತೆಗೆದ ಫೋಟೋಗಳಲ್ಲಿ ಅವರ ಗದ್ದ ಕೆಳಗೇ ಇದೆ, ನಾನೂ ಸರಿಪಡಿಸಲಿಲ್ಲ.

ಗದಿಗೆಪ್ಪನವರು ಶಸ್ತ್ರಾಗಾರದ ಹವಾಲ್ದಾರರು. ಬಂದೂಕು ಬಿಚ್ಚುವುದು, ತೊಳೆಯುವುದು, ಕೆಟ್ಟ ಭಾಗ ಬದಲಿಸುವುದು ಅವರ ಕೆಲಸ. ಕೆಲಸ ಹೋದ ಮೇಲೆ ನವನಗರಕ್ಕೆ ಬಂದು ಹೊಲಿಗೆ ಯಂತ್ರ ರಿಪೇರಿ ಮಾಡುತ್ತಿದ್ದರು. ವಿನಯ ಎನ್ನುವುದು ಅವರ ಹತ್ತಿರ ಮಚ್ಚೆಯಷ್ಟೂ ಇರಲಿಲ್ಲ. "ನನ್ನಂಥಾ ಕಣ್ಣು ಇಡೀ ರೇಂಜಿನ್ಯಾಗ ಇರ್ಲಿಲ್ಲ" ಎಂದು ತಾವೇ ಹೇಳಿಕೊಳ್ಳುತ್ತಿದ್ದರು. ಚಹಾದಂಗಡಿಯವನ ಒಲೆಯಿಂದ ಹಿಡಿದು ನನ್ನ ಟ್ರೈಪಾಡಿನವರೆಗೆ ಕಂಡ ಕಬ್ಬಿಣವನ್ನೆಲ್ಲ ಮಗ್ಗುಲು ಮಾಡಿ ಯಾವ ಕಾರ್ಖಾನೆಯದೆಂದು ನೋಡುವ ಚಟ. ಮದುವೆಗೆ ಹುಡುಗಿ ನೋಡಲು ಹೋದವರು ಮನೆತನ ಕೇಳುವ ಹಾಗೆ ಅವರು ಕಬ್ಬಿಣದ ಮನೆತನ ಕೇಳುತ್ತಿದ್ದರು.

ಹಳೆಯ ಪೊಲೀಸ್ ಬಂದೂಕುಗಳ ಮನೆತನವನ್ನು ಅವರೇ ನನಗೆ ಕಲಿಸಿದರು. ದೊಡ್ಡ ಯುದ್ಧದ ಕಾಲದಲ್ಲಿ ಒಂದೇ ನಮೂನೆಯ ರೈಫಲನ್ನು ಮೂರು ದೇಶಗಳಲ್ಲಿ ಮಾಡಿದರಂತೆ. ಇಂಗ್ಲೆಂಡಿನ ಕಾರ್ಖಾನೆಗಳು ಶತ್ರುವಿಗೆ ವಿಳಾಸ ಸಿಗಬಾರದೆಂದು ಹೆಸರು ಬಚ್ಚಿಟ್ಟು ಒಂದು ಅಕ್ಷರ, ಅದರ ಮುಂದೆ ನಂಬರು ಹೊಡೆಯುತ್ತಿದ್ದವು. ಅಮೆರಿಕದ ಭಾಗಗಳ ಮೇಲೆ ಮೂಲೆಗಳುಳ್ಳ ಚೌಕಾದ ಎಸ್. ಕೆನಡಾದ್ದಾದರೆ ಲಾಂಗ್ ಬ್ರಾಂಚ್ ಎಂಬ ಊರಿನ ಕಾರ್ಖಾನೆಯ ಎಲ್‌ಬಿ; ಜೊತೆಗೆ ಅಲ್ಲಿಯ ಸರಕಾರದ ಗುರುತು, ಇಂಗ್ಲಿಷಿನ ಸಿ ಅಕ್ಷರದ ಹೊಟ್ಟೆಯಲ್ಲಿ ಮೂರು ಗೆರೆಯ ಒಂದು ಬಾಣ. ಜೋಳದ ಕಾಳಿನಷ್ಟು ಗಾತ್ರ. ಬಂದೂಕಿನ ಕೊಳವೆಗೆ ಒಂದು, ಪಟ್ಟಿಗೆ ಒಂದು, ಕೀಲಿಗೆ ಒಂದು, ಹೀಗೆ ಪ್ರತಿ ಭಾಗಕ್ಕೂ ಇರುತ್ತದೆ. ರಿಪೇರಿಯಾಗುತ್ತಾ ಎಲ್ಲ ದೇಶದವೂ ಎಲ್ಲದರೊಳಗೆ ಕಲಸಿಹೋಗಿರುತ್ತವೆ.

ಸವೆದ ಗುರುತನ್ನು ಓದಲು ಅವರದೊಂದು ಉಪಾಯವಿತ್ತು. ಕಬ್ಬಿಣದ ಮೇಲೆ ವಿಭೂತಿ ಗಟ್ಟಿಯನ್ನು ತಿಕ್ಕುವುದು, ಎಣ್ಣೆ ಬಟ್ಟೆಯಿಂದ ಮೆಲ್ಲಗೆ ಒರೆಸುವುದು. ಮೇಲಿನ ಬೂದಿ ಹೋಗುತ್ತದೆ, ತಗ್ಗಿನೊಳಗಿನದು ನಿಲ್ಲುತ್ತದೆ, ಕಣ್ಣಿಗೆ ಕಾಣದ ಅಕ್ಷರ ಬೆಳ್ಳಗೆ ಎದ್ದು ಬರುತ್ತದೆ. ನನ್ನ ಟ್ರೈಪಾಡಿನ ಮೇಲೆ ಮಾಡಿ ತೋರಿಸಿದಾಗ ನಾನು ಬಾಯಿ ತೆರೆದು ನೋಡಿದ್ದೆ.

ಅವರ ಶಸ್ತ್ರಾಗಾರದಲ್ಲಿ ಒಂದು ರೈಫಲ್ ಮಾತ್ರ ಪೂರ್ತಿ ಕೆನಡಾದ್ದಾಗಿತ್ತು. ಮೊಳೆಯಿಂದ ಹಿಡಿದು ಬೋಲ್ಟಿನವರೆಗೆ ಒಂದೂ ಹೊರಗಿನದಿಲ್ಲ. ಬೋಲ್ಟು ಎಂದರೆ ಗುಂಡನ್ನು ಒಳಗೆ ನೂಕಿ ಹಿಂದಿನಿಂದ ಬಾಯಿ ಮುಚ್ಚುವ, ಹಿಡಿಕೆಯುಳ್ಳ ಉಕ್ಕಿನ ಭಾಗ. ಗುಂಡು ಸಿಡಿಯುವ ಬಲವನ್ನೆಲ್ಲ ತಡೆಯುವುದು ಅದೇ. "ಆ ಬಂದೂಕಿನ್ಯಾಗ ಎಲ್ಲಾರೂ ಒಂದ ತಾಯಿ ಮಕ್ಕಳು" ಎನ್ನುತ್ತಿದ್ದರು ಗದಿಗೆಪ್ಪನವರು. ಮಗಳು ನೀಲವ್ವನ ಸುದ್ದಿ ಹೇಳುವಾಗಲೂ ಅವರ ಮುಖ ಅಷ್ಟು ಅರಳುತ್ತಿರಲಿಲ್ಲ.

ಖಂಡೇನವಮಿಯ ದಿನ ಆಯುಧಗಳ ಪೂಜೆ. ಅವರ ಕೆಲಸ ಹೋದ ವರ್ಷವೂ ಜಮಖಾನೆಯ ಮೇಲೆ ರೈಫಲುಗಳನ್ನು ಸಾಲಾಗಿ ಮಲಗಿಸಿ, ಬೋಲ್ಟುಗಳನ್ನು ಬಿಚ್ಚಿ ಒಂದೊಂದರ ಮುಂದೆ ಇಟ್ಟಿದ್ದರು. ಊರಿನ ಗಣ್ಯರು, ಅಧಿಕಾರಿಗಳ ಮನೆಯವರು ಕುರ್ಚಿಯಲ್ಲಿ ಕೂತಿದ್ದರು. ವಿಭೂತಿ ಹಚ್ಚುವ ಕೆಲಸ ಗದಿಗೆಪ್ಪನವರದು. ಕೆನಡಾದ ರೈಫಲಿನ ಬೋಲ್ಟಿಗೆ ಹಚ್ಚಿ, ಅಭ್ಯಾಸ ಬಲದಿಂದ ಹೆಬ್ಬೆರಳಲ್ಲಿ ಒರೆಸಿದರೆ ಎದ್ದು ಬಂದದ್ದು ಚೌಕಾದ ಎಸ್. ಹಿಡಿಕೆಯ ಮೇಲೆ ನಂಬರೇನೋ ಈ ರೈಫಲಿನದೇ ಇತ್ತು, ಆದರೆ ಹಳೆಯದನ್ನು ಅರೆದು ಹೊಸದಾಗಿ ಹೊಡೆದದ್ದು. ಬುಡದಲ್ಲಿ ಕೂದಲೆಳೆಯಷ್ಟು ಬಿರುಕು. ಆ ಬಿರುಕನ್ನು ಅವರು ಮೊದಲೇ ಕಂಡಿದ್ದರು. ಕೆಲವು ತಿಂಗಳ ಹಿಂದೆ ಸಾಹೇಬರು ತಮ್ಮ ಮಾವನವರ ಹಳೆಯ ಲೈಸನ್ಸಿನ ಅಮೆರಿಕನ್ ರೈಫಲನ್ನು ತಂದು ತೋರಿಸಿದಾಗ, "ಇದನ್ನ ಹಾರಿಸಬ್ಯಾಡ್ರಿ, ಬೋಲ್ಟು ಹೋಗೇತಿ. ಸರಕಾರದ್ದು ಕೊಡಾಕ ಬರೂದಿಲ್ರಿ" ಎಂದವರು ಇವರೇ.

ಇಲ್ಲಿ ಗದಿಗೆಪ್ಪನವರು ಎಡವಿದರು. ಪೂಜೆ ಮುಗಿಯಲಿ, ಜನ ಹೋಗಲಿ ಎಂದು ಕಾಯಲಿಲ್ಲ. ಆರತಿ ನಡೆದಿರುವಾಗಲೇ ಬೋಲ್ಟನ್ನು ಮೇಲೆತ್ತಿ ಹಿಡಿದು, "ಸಾಹೇಬ್ರ, ಇದು ನಿಮ್ಮ ಮಾವ್ನೋರ ಬಂದೂಕಿಂದರಿ! ನಮ್ಮದೆಲ್ಲಿ?" ಎಂದು ಕೂಗಿದರು.

"ಯಾಕ ಕಾಕಾ, ಆಮ್ಯಾಲ ಮೆಲ್ಲಕ ಕೇಳಬೇಕಿತ್ತು" ಎಂದೆ, ಅವರು ಇದನ್ನು ನನಗೆ ಹೇಳಿದಾಗ.

"ಯಾರರ ಪೋರ ಆ ಬೋಲ್ಟು ಹಾಕ್ಕೊಂಡು ಹಾರಿಸಿದ್ರ ಹಿಂದಕ ಸಿಡದು ಮಾರಿ ಹೋಗತಿತ್ತು. ಅದು ಕಣ್ಣಿಗೆ ಬಂತು ನೋಡು, ಬಾಯಿ ನನ್ನ ಮಾತು ಕೇಳ್ಲಿಲ್ಲ."

ಸಾಹೇಬರು ಅಲ್ಲೇ, ಅಷ್ಟು ಜನರೆದುರೇ ಆರೋಪವನ್ನು ಅವರ ಮೇಲೇ ತಿರುಗಿಸಿದರು. ನಂಬರಿನ ಅಚ್ಚುಗಳ ಪೆಟ್ಟಿಗೆ ಇರುವುದು ಯಾರ ಹತ್ತಿರ? ಗದಿಗೆಪ್ಪನ ಹತ್ತಿರ. ಅರೆದು ಹೊಡೆಯಲು ಬರುವುದು ಯಾರಿಗೆ? ಅವನಿಗೇ. ಅಂದಮೇಲೆ ಒಳ್ಳೆಯ ಬೋಲ್ಟನ್ನು ನಾಡಬಂದೂಕು ಮಾಡುವವರಿಗೆ ಮಾರಿದವನೂ ಅವನೇ. ಗದಿಗೆಪ್ಪನವರು ಬನಶಂಕರಿಗೆ ಹರಕೆ ತೀರಿಸಲು ರಜೆ ಹೋದಾಗ ಶಸ್ತ್ರಾಗಾರದ ಕೀಲಿಕೈ ಸಾಹೇಬರ ಬಳಿ ಇತ್ತೆಂದು ಯಾರೂ ಕೇಳಿಸಿಕೊಳ್ಳಲಿಲ್ಲ. "ಅವರ ಮಾವ್ನೋರ ಬಂದೂಕು ತರಿಸಿ ನೋಡ್ರಿ" ಎಂದು ಅಂಗಲಾಚಿದರು, ಯಾರೂ ತರಿಸಲಿಲ್ಲ. ಕೆಲಸ ಹೋಯಿತು. ನೀಲವ್ವನಿಗೆ ಗೊತ್ತಾಗಿದ್ದ ಸಂಬಂಧ ಮುರಿಯಿತು. ಹುಡುಗನ ಕಡೆಯವರು "ಬೋಲ್ಟ್ ಕಳ್ಳನ ಮಗಳು ಬ್ಯಾಡ" ಎಂದು ಬಾಯಿಬಿಟ್ಟೇ ಹೇಳಿದರು. ಬಹಳ ತಡವಾಗಿ ಆಕೆಯನ್ನು ಇಳಕಲ್ಲಿನ ಒಬ್ಬ ನೇಕಾರರ ಮನೆಗೆ ಕೊಟ್ಟರು. ಗದಿಗೆಪ್ಪನವರ ಹೆಂಡತಿ ಆ ಮದುವೆ ನೋಡಲು ಉಳಿಯಲಿಲ್ಲ.

"ನನಗ ನೌಕರಿ ಬ್ಯಾಡ, ಪಿಂಚಣಿ ಬ್ಯಾಡ. ‘ಗದಿಗೆಪ್ಪ ಕದ್ದಿಲ್ಲ, ನಾ ತೊಗೊಂಡೆ’ ಅಂತ ಅಂವಾ ಬಾಯಿಲೆ ಅನ್ನಬೇಕು. ಮಂದಿ ಮುಂದ ಅನ್ನಬೇಕು. ಅದನ್ನ ಕೇಳಿನ ನಾ ಮಣ್ಣಿಗೆ ಹೋಗಾಂವ" ಎನ್ನುತ್ತಿದ್ದರು.

ಕೆಲವು ವರ್ಷಗಳ ಹಿಂದೆ ಅವಕಾಶ ನನ್ನ ಸ್ಟುಡಿಯೋಗೇ ನಡೆದು ಬಂತು. ಸಾಹೇಬರ ಹೆಂಡತಿಯ ತವರು ಹುನಗುಂದ ತಾಲ್ಲೂಕಿನ ರಾಮಥಾಳದ ಕಡೆ. ಅಲ್ಲಿ ಈಗ ಆಕೆಯ ತಮ್ಮ ಗೌಡರ ಯಜಮಾನಿಕೆ. ಖಂಡೇನವಮಿಗೆ ಇಡೀ ಮನೆತನ ಕೂಡುತ್ತದೆ, ಗುಂಪಿನ ಫೋಟೋ ತೆಗೆಯಬೇಕು ಎಂದು ಕರೆ ಬಂತು. ಸಾಹೇಬರಿಗೆ ಜ್ವರ, ಅವರು ಬರುವುದಿಲ್ಲವೆಂದೂ ತಿಳಿಯಿತು. ನಾನು ಫೋನಿಟ್ಟು ಗದಿಗೆಪ್ಪನವರಿಗೆ ಹೇಳಿದೆ. ಅವರು ಚಹಾದ ಕಪ್ಪನ್ನು ಅರ್ಧಕ್ಕೇ ಇಟ್ಟು, "ನಿನ್ನ ಲೈಟು ಹಿಡಿಯಾಕ ನಾ ಬರ್ತೇನಿ" ಎಂದರು.

ಅಲ್ಲಿ ಕುಡಗೋಲು, ತಕ್ಕಡಿ, ಟ್ರ್ಯಾಕ್ಟರಿನ ಪಾನಾ ಎಲ್ಲದರ ನಡುವೆ ಆ ರೈಫಲ್ ಮಲಗಿತ್ತು. ಗದಿಗೆಪ್ಪನವರು ಲೈಟು ಹಿಡಿದೇ ಹತ್ತಿರ ಸರಿದರು. ಅವರು ಸರಿದಂತೆ ಗೋಡೆಯ ಮೇಲೆ ನಮ್ಮೆಲ್ಲರ ನೆರಳೂ ಸರಿಯಿತು.

"ಗೌಡ್ರ, ನಾ ಹಳೇ ಪೊಲೀಸ್ ಮನುಷ್ಯಾರಿ. ಬಂದೂಕಿಗೆ ವಿಭೂತಿ ಹಚ್ಚಲೇನ್ರಿ?"

"ಹಚ್ಚಪಾ ಹಚ್ಚು, ಪುಣ್ಯಾ ಬರ್ಲಿ. ನಮ್ಮಪ್ಪಂದದು. ನಡುವ ಕೆಟ್ಟಿತ್ತು, ನಮ್ಮ ಅಕ್ಕನ ಯಜಮಾನ್ರು ಎಲ್ಲಿಂದೋ ರಿಪೇರಿ ಮಾಡಿಸಿ ತಂದಕೊಟ್ರು. ಅವತ್ತಿನಿಂದ ಒಮ್ಮೆಯೂ ಕೈ ಕೊಟ್ಟಿಲ್ಲ" ಎಂದರು ಗೌಡರು, ಅಭಿಮಾನದಿಂದ.

ಗದಿಗೆಪ್ಪನವರು ನೆಲಕ್ಕೆ ಕೂತರು. ಕೊಳವೆಗೆ ಹಚ್ಚಿ ಒರೆಸಿದರು: ಚೌಕಾದ ಎಸ್. ಪಟ್ಟಿಗೆ: ಎಸ್. ಕೀಲಿಗೆ: ಎಸ್. ಕೊನೆಗೆ ಬೋಲ್ಟಿಗೆ ಹಚ್ಚಿದರು. ಹಿಡಿಕೆಯ ಮೇಲೆ ನಂಬರಿದ್ದ ಜಾಗ ಅರೆದು ನುಣುಪಾಗಿತ್ತು. ಆದರೆ ಅದರ ಬುಡದಲ್ಲಿ, ಅರೆದವರಿಗೆ ಗೊತ್ತೇ ಇರದಿದ್ದ ಕಡೆ, ಎಲ್‌ಬಿ ಎಂಬ ಅಕ್ಷರಗಳು. ಪಕ್ಕದಲ್ಲಿ ಸಿ, ಅದರ ಹೊಟ್ಟೆಯಲ್ಲಿ ಬಾಣ. ಎಷ್ಟೋ ವರ್ಷದ ಮೇಲೆ ಮಗನನ್ನು ಕಂಡ ಹಾಗೆ ಅವರು ಅದನ್ನು ನೋಡಿದರು. ನನ್ನ ಕಡೆ ತಿರುಗಿ, "ತೆಗಿ" ಎಂದಷ್ಟೇ ಅಂದರು. ನಾನು ಎದುರಿಗೆ ಕೂತು ಹತ್ತಿರದಿಂದ ತೆಗೆದೆ.

ವಾಪಸು ಬರುವಾಗ ಬೈಕಿನ ಮೇಲೆ ನಾನು ಕುಣಿಯುತ್ತಿದ್ದೆ. ನಾಳೆಯೇ ದೂರು ಕೊಡೋಣ ಎಂದೆ. ಹಿಂದಿನಿಂದ ಗದಿಗೆಪ್ಪನವರ ದನಿ ತಣ್ಣಗೆ ಬಂತು. "ಕೆನಡಾದ ಬೋಲ್ಟು ಊರ ತುಂಬ ಅದಾವು. ಮಾರ್ಕು ಮನೆತನ ಹೇಳ್ತೇತಿ, ಇದ ಆ ಮಗಾ ಅಂತ ಹೇಳೂದಿಲ್ಲ. ಕೋರ್ಟಿಗೆ ಇದು ಸಾಲೂದಿಲ್ಲ ತಮ್ಮಾ. ಸಾಹೇಬಗ ಸಾಕು."

ಮುಂದಿನ ತಿಂಗಳು ಸಾಹೇಬರಿಗೆ ನವನಗರದ ಕಲ್ಯಾಣಮಂಟಪದಲ್ಲಿ ಸನ್ಮಾನ ಏರ್ಪಾಡಾಯಿತು. ಪ್ರಾಮಾಣಿಕ ಅಧಿಕಾರಿ ಎಂದು ಫ್ಲೆಕ್ಸ್ ಕಟ್ಟಿದ್ದರು. ಆ ಬಾಣದ ಗುರುತನ್ನು ನಾನು ಕಿಟಕಿಯಷ್ಟು ದೊಡ್ಡದು ಮಾಡಿ, ಫ್ರೇಮು ಹಾಕಿ, ಬಣ್ಣದ ಕಾಗದ ಸುತ್ತಿಕೊಟ್ಟೆ. ಎಲ್ಲರ ಹಾರ ಮುಗಿದ ಮೇಲೆ ಗದಿಗೆಪ್ಪನವರು ವೇದಿಕೆ ಏರಿದರು. ಹಳೆಯ ಕೈಕೆಳಗಿನವನೊಬ್ಬ ಕಾಣಿಕೆ ತಂದನೆಂದು ಜನ ಚಪ್ಪಾಳೆ ತಟ್ಟಿದರು. ಸಾಹೇಬರು ಕಾಗದ ಹರಿದರು. ಕಪ್ಪು ಉಕ್ಕಿನ ಮೇಲೆ ಬೆಳ್ಳಗಿನ ಸಿ, ಬೆಳ್ಳಗಿನ ಬಾಣ, ಅಂಚಿನಲ್ಲಿ ಅರೆದು ನುಣುಪಾದ ಹಿಡಿಕೆ. ಅವರ ಮುಖದಲ್ಲಿದ್ದ ರಕ್ತವೆಲ್ಲ ಎಲ್ಲಿ ಇಳಿಯಿತೋ. ನನ್ನ ಕ್ಯಾಮೆರಾ ಸಿದ್ಧವಾಗಿಯೇ ಇತ್ತು, ಒಂದೂ ಬಿಡದೆ ತೆಗೆದೆ. ಅಷ್ಟು ಸಂತೋಷದಿಂದ ನಾನು ಯಾವ ಮದುವೆಯ ತಾಳಿಯನ್ನೂ ತೆಗೆದಿಲ್ಲ.

ಆದರೆ ಆಮೇಲೆ ಆದದ್ದು ನಾವಿಬ್ಬರೂ ಎಣಿಸಿರದ ಸಂಗತಿ. ಸಾಹೇಬರ ಹೆಂಡತಿ, ಓಣಿಯವರೆಲ್ಲ ಅಕ್ಕಾರು ಎಂದು ಕರೆಯುವ ದೈವಭಕ್ತೆ, ಫ್ರೇಮನ್ನು ಕೈಗೆತ್ತಿಕೊಂಡರು. ಅವರು ಹಿಡಿದದ್ದು ತಲೆಕೆಳಗಾಗಿ. ಹಾಗೆ ಹಿಡಿದಾಗ ಸಿ ಅಕ್ಷರ ಅರ್ಧಚಂದ್ರವಾಯಿತು, ಮೂರು ಗೆರೆಯ ಬಾಣ ತ್ರಿಶೂಲವಾಯಿತು, ಮೇಲೆ ಧಾರಾಳ ವಿಭೂತಿ ಬೇರೆ. ಅಕ್ಕಾರು ಕಣ್ಣಿಗೊತ್ತಿಕೊಂಡು ಮನೆಗೊಯ್ದು ದೇವರ ಕೋಣೆಯಲ್ಲಿ ನಡುಗೋಡೆಗೆ ತೂಗುಹಾಕಿದರು.

ದಿನಾ ಎರಡು ಹೊತ್ತು ಅದಕ್ಕೆ ಊದುಬತ್ತಿ. ಅದು ಬಂದ ಮೇಲೆ ತಮ್ಮ ಮೊಣಕಾಲು ನೋವು ಕಡಿಮೆಯಾಯಿತೆಂದು ಅಕ್ಕಾರು ಓಣಿಗೆಲ್ಲ ಹೇಳಿದರು. ಇಬ್ಬರು ಹೆಂಗಸರು ತಮಗೂ ಒಂದೊಂದು ಪ್ರತಿ ಬೇಕೆಂದು ನನ್ನ ಹತ್ತಿರ ಬಂದರು. ಸಾಹೇಬರು ಅದರೆದುರು ಕೈ ಮುಗಿಯಲೇಬೇಕು. ತೆಗೆಯಿರಿ ಎಂದರೆ ಯಾಕೆಂದು ಹೇಳಬೇಕು. ಈ ಸುದ್ದಿ ಕೇಳಿದ ದಿನ ಗದಿಗೆಪ್ಪನವರು ಚಹಾದಂಗಡಿಯ ಬೆಂಚಿನ ಮೇಲೆ ಉಸಿರು ಕಟ್ಟುವಷ್ಟು ನಕ್ಕರು. "ನಾ ಅವನ ಮನಿ ಗೇಟಿನ ತನಕ ಹೋಗತಿದ್ದೆ ತಮ್ಮಾ. ನನ್ನ ಬೋಲ್ಟು ದೇವರ ಕ್ವಾಣಿಗೇ ಹೋಗಿ ಕುಂತ್ತು!"

ಒಂದು ಸಲ ಸಾಹೇಬರು ಚಹಾದಂಗಡಿಗೇ ಬಂದರು. ಸೊರಗಿದ್ದರು. "ಗದಿಗೆಪ್ಪಾ, ಸಾಕು ಮಾಡೋ. ಆ ಚಿತ್ರಾ ದೇವರದಲ್ಲ ಅಂತ ನೀನ ಬಂದು ಆಕಿಗೆ ಹೇಳು" ಎಂದರು.

"ನಾ ಯಾಕ್ರಿ ಹೇಳ್ಲಿ? ಕಳ್ಳನ ಮಾತು ಯಾರು ನಂಬ್ತಾರ? ನೀವ ಹೇಳ್ರಿ" ಎಂದು ಗದಿಗೆಪ್ಪನವರು ಬೂಟಿನ ಧೂಳು ಒರೆಸಿಕೊಂಡರು.

ಹೋದ ವರ್ಷ ಬೇಸಿಗೆಯಲ್ಲಿ ಅವರ ಎದೆಯಲ್ಲಿ ನೀರು ತುಂಬಿ ಬಾಗಲಕೋಟೆಯ ಒಂದು ದವಾಖಾನೆಗೆ ಸೇರಿಸಿದೆವು. ನೀಲವ್ವ ಇಳಕಲ್ಲಿನಿಂದ ಬಂದು ತಂದೆಯ ಪಕ್ಕದಲ್ಲಿ ಕೂತಳು. ಸುದ್ದಿ ಕೇಳಿ ಅಕ್ಕಾರು ಸುಮ್ಮನಿರಲಿಲ್ಲ. ಅಂಥಾ ಚಿತ್ರ ಕೊಟ್ಟ ಪುಣ್ಯಾತ್ಮನನ್ನು ನೋಡಲೇಬೇಕೆಂದು ಡಬ್ಬಿಯಲ್ಲಿ ಗಂಜಿ ತುಂಬಿಸಿಕೊಂಡು, ಗಂಡನನ್ನೂ ಎಳೆದುಕೊಂಡು ಬಂದರು. ವಾರ್ಡಿನಲ್ಲಿ ಎರಡೂ ಸಾಲು ಮಂಚಗಳು ತುಂಬಿದ್ದವು.

"ಹವಾಲ್ದಾರ್ರ, ಅದು ಯಾವ ಕ್ಷೇತ್ರದ್ದು ಅಂತ ಕೇಳೂದ ಆಗಿರ್ಲಿಲ್ಲ. ನೀವು ಹೇಳಿದ್ರ ಮುಂದಿನ ಸೋಮಾರ ನಾವಿಬ್ರೂ ಹೋಗಿ ಕಾಯಿ ಒಡಿಸ್ಕೊಂಡು ಬರ್ತೇವ್ರಿ" ಎಂದರು ಅಕ್ಕಾರು, ಕೈ ಮುಗಿದು.

ಗದಿಗೆಪ್ಪನವರು ಮೂಗಿನ ನಳಿಗೆ ಸರಿಸಿದರು. "ಸಾಹೇಬ್ರಿಗೆ ಗೊತ್ತೈತ್ರಿ ಅಕ್ಕಾರ. ಅವರನ್ನ ಕೇಳ್ರಿ."

ಅಕ್ಕಾರು ಗಂಡನ ಕಡೆ ತಿರುಗಿದರು. ನಾನೂ, ನೀಲವ್ವನೂ ತಿರುಗಿದೆವು. ಸಾಹೇಬರು ಮಂಚದ ಕಂಬಿ ಹಿಡಿದರು. ಆಮೇಲೆ ಬಗ್ಗಿ ಗದಿಗೆಪ್ಪನವರ ಕಿವಿಯಲ್ಲಿ ಏನೋ ಅಂದರು. ಪಕ್ಕದಲ್ಲೇ ಇದ್ದ ನನಗೆ ಅದು ಸ್ಪಷ್ಟವಾಗಿ ಕೇಳಿಸಿತು.

"ಕೇಳಸ್ಲಿಲ್ರಿ ಸಾಹೇಬ್ರ" ಎಂದರು ಗದಿಗೆಪ್ಪನವರು. "ನರ್ಸಬಾಯಿ, ಆ ಫ್ಯಾನ್ ಒಂಚೂರು ಬಂದ್ ಮಾಡವಾ. ಸಾಹೇಬ್ರು ಏನೋ ಹೇಳ್ತಾರ."

ಆಕೆ ಬಂದ್ ಮಾಡಿದಳು. ರೆಕ್ಕೆಗಳು ನಿಧಾನವಾಗಿ ನಿಂತವು. ವಾರ್ಡಿನವರೆಲ್ಲ ಇತ್ತ ನೋಡತೊಡಗಿದರು. ಸಾಹೇಬರು ಹೇಳಿದರು. ಬೋಲ್ಟು ತಾವೇ ತೆಗೆದುಕೊಂಡದ್ದು, ನಂಬರು ತಾವೇ ಹೊಡೆಸಿದ್ದು, ಗದಿಗೆಪ್ಪ ಕದ್ದಿಲ್ಲ.

"ಅಪ್ಪನ ಬಂದೂಕಿಗೇನ್ರಿ?" ಎಂದರು ಅಕ್ಕಾರು. ಸಾಹೇಬರು ತಲೆಯಾಡಿಸಿದರು. ಅಕ್ಕಾರು ಗಂಜಿಯ ಡಬ್ಬಿಯನ್ನು ಸ್ಟೂಲಿನ ಮೇಲಿಟ್ಟು, ಸೆರಗು ಹೊದ್ದುಕೊಂಡು ನೀಲವ್ವನ ಪಕ್ಕದಲ್ಲಿ ಕೂತರು. "ನೀವು ನಡೀರಿ. ನಾ ಆಮ್ಯಾಲ ಬರ್ತೇನಿ" ಎಂದರು. ಸಾಹೇಬರು ಒಬ್ಬರೇ ಆ ಎರಡು ಸಾಲು ಮಂಚಗಳ ನಡುವೆ ನಡೆದುಕೊಂಡು ಹೋದರು.

ಅವರು ಹೋದ ಮೇಲೆ ನಾನು ಮೆತ್ತಗಾಗಿದ್ದೆ. "ಕಾಕಾ, ಇನ್ನರ ಕ್ಷಮಾ ಮಾಡಿದ್ರಿ ಹೌದಿಲ್ಲೋ?" ಎಂದೆ.

"ಯಾರಂದ್ರು?" ಗದಿಗೆಪ್ಪನವರು ನನ್ನನ್ನು ಮಂಕನನ್ನು ನೋಡುವ ಹಾಗೆ ನೋಡಿದರು. "ಅಂವಾ ಹೇಳಿದ, ನಾ ಕೇಳಿದೆ. ಕ್ಷಮಾ ಬ್ಯಾರೆ ಮಾತು. ಅದನ್ನ ಕೊಡ್ತೇನಂತ ನಾ ಯಾರಿಗೂ ಅಂದಿಲ್ಲ."

ಅದೇ ನಮ್ಮ ಕೊನೆಯ ಮಾತು. ವಾರ ತುಂಬುವುದರೊಳಗೆ ತೀರಿಕೊಂಡರು.

ರುದ್ರಭೂಮಿಗೆ ಇಡೀ ಸೆಕ್ಟರು ಬಂದಿತ್ತು. ವಾರ್ಡಿನ ಮಾತು ಅಷ್ಟರೊಳಗೆ ಊರೆಲ್ಲ ತಿರುಗಿತ್ತು. ಅವರನ್ನು ಕುಣಿಯಲ್ಲಿ ಕೂಡಿಸಿ, ಪತ್ರಿ ಇಟ್ಟು, ಜಂಗಮರು ಮಂತ್ರ ಮುಗಿಸಿದ ಮೇಲೆ ಒಬ್ಬೊಬ್ಬರಾಗಿ ಹಿಡಿ ಮಣ್ಣು ಹಾಕಿದರು. ಹಿಂದೆ ನಿಂತಿದ್ದ ಸಾಹೇಬರೂ ಬಗ್ಗಿ ಒಂದು ಹಿಡಿ ತೆಗೆದುಕೊಂಡು ಮುಂದೆ ಬಂದರು. ಜನ ದಾರಿ ಬಿಟ್ಟರು. ನೀಲವ್ವ ಕುಣಿಯ ಅಂಚಿಗೆ ಬಂದು ಅಡ್ಡ ನಿಂತಳು.

"ಬ್ಯಾಡ್ರಿ ಸಾಹೇಬ್ರ. ಅಪ್ಪ ಹೇಳಿ ಹೋಗ್ಯಾನ, ನಿಮ್ಮ ಕೈಯಾನ ಮಣ್ಣು ಬ್ಯಾಡ ಅಂತ."

ದನಿ ಏರಿಸಲಿಲ್ಲ, ಅಳಲಿಲ್ಲ. ನನಗೆ ಆ ಕ್ಷಣ ಹೊಟ್ಟೆ ತಣ್ಣಗಾಯಿತು, ಸುಳ್ಳು ಯಾಕೆ ಹೇಳಲಿ. ಕುಣಿ ಮುಚ್ಚಿ ನಾವೆಲ್ಲ ಕೈಕಾಲು ತೊಳೆದುಕೊಂಡು ಹೊರಟೆವು. ಸಾಹೇಬರು ಮಾತ್ರ ಮುಷ್ಟಿಯಲ್ಲಿದ್ದ ಮಣ್ಣನ್ನು ಎಲ್ಲಿ ಹಾಕಬೇಕೆಂದು ತಿಳಿಯದೆ ಅಲ್ಲೇ ನಿಂತಿದ್ದರು.